ಇಂಜೆಕ್ಷನ್ ಪಂಪ್: ಬಿಚ್ಚಿಸುವ ಮುನ್ನ, ಬಿಚ್ಚಿಸಿದ ಮೇಲೆ

ಡೀಸೆಲ್ ಜನರೇಟರಿನ ಇಂಜೆಕ್ಷನ್ ಪಂಪ್‌ನಲ್ಲಿ ಒತ್ತಡವನ್ನುಂಟುಮಾಡುವ ಭಾಗಗಳು ಪ್ಲಂಜರ್ ಮತ್ತು ಬ್ಯಾರೆಲ್. ಇವೆರಡರ ನಡುವಿನ ಅಂತರ ಕೆಲವೇ ಮೈಕ್ರಾನ್. ಡೀಸೆಲ್ಲೇ ಅಲ್ಲಿ ಕೀಲೆಣ್ಣೆ. ಇಂಧನದಲ್ಲಿ ನೀರು, ಧೂಳು ಬೆರೆತರೆ ಸವೆತ ಖಚಿತ. ತಣ್ಣಗಿದ್ದಾಗ ಸರಾಗವಾಗಿ ಚಾಲನೆಗೊಳ್ಳುವ ಎಂಜಿನ್ ಬಿಸಿಯಾದ ಮೇಲೆ ತಡಮಾಡಿದರೆ ಪ್ಲಂಜರ್ ಸವೆದಿರುವ ಸಂಭವ ಹೆಚ್ಚು: ಕಾದು ತೆಳುವಾದ ಡೀಸೆಲ್ ಆ ಸಂದಿನಲ್ಲಿ ಸೋರಿಹೋಗುತ್ತದೆ. ಆದರೂ ಪಂಪ್ ಬಿಚ್ಚಿಸುವ ಮುನ್ನ ಫಿಲ್ಟರ್ ಕಟ್ಟಿಕೊಂಡಿದೆಯೇ, ಪೈಪಿನಲ್ಲಿ ಗಾಳಿ ಸೇರಿದೆಯೇ ಎಂದು ಪರೀಕ್ಷಿಸುವುದು ಉಚಿತ.

ಇವು ಜೋಡಿಯಾಗಿ ಉಜ್ಜಿ ಹೊಂದಿಸಿದ ಭಾಗಗಳಾದುದರಿಂದ ಒಂದನ್ನೇ ಬದಲಿಸುವಂತಿಲ್ಲ. ಹೊಸ ಜೋಡಿ ಹಾಕಿದ ನಂತರ ಪ್ರತಿ ಸಿಲಿಂಡರಿಗೂ ಸಮಪ್ರಮಾಣದ ಇಂಧನ ಹೋಗುವಂತೆ ಟೆಸ್ಟ್ ಬೆಂಚ್ ಮೇಲೆ ಕ್ಯಾಲಿಬ್ರೇಷನ್ ಆಗಲೇಬೇಕು. ಅಳತೆಯ ಚೀಟಿಯನ್ನು ಮಾಲೀಕರು ಕೇಳಿ ಪಡೆಯತಕ್ಕದ್ದು. ಬೆಂಚ್ ಇಲ್ಲದೆ ಬರಿದೇ ಸ್ಕ್ರೂ ತಿರುಗಿಸಿ, ಡೀಸೆಲ್ ಹೆಚ್ಚಿಸಿ ಶಕ್ತಿ ತೋರಿಸುವ ದುರಸ್ತಿ ಅಗ್ಗವೆನಿಸಬಹುದು. ಕಪ್ಪು ಹೊಗೆ, ಏರಿದ ಇಂಧನ ವೆಚ್ಚ, ಕೆಲವೊಮ್ಮೆ ಸುಟ್ಟ ಪಿಸ್ಟನ್ ಮಾಲೀಕರ ಪಾಲಿಗೇ.