ತರಬೇತಿ ಕೇಂದ್ರದ ವಿದ್ಯುತ್ ಲೆಕ್ಕ: ನಮ್ಮ ಗಿರಣಿ, ಕಾರ್ಖಾನೆಗಳಿಗೊಂದು ಪಾಠ

ವೃತ್ತಿಪರ ಕ್ರೀಡಾ ತಂಡದ ತರಬೇತಿ ಕೇಂದ್ರಕ್ಕೂ ಬೇವೂರು ಭಾಗದ ಗಿರಣಿಗೂ ಏನು ಸಂಬಂಧವೆಂದು ಸದಸ್ಯ ಬಂಧುಗಳು ಕೇಳಬಹುದು. ಎರಡೂ ವಿಶಾಲ ಛಾವಣಿಯುಳ್ಳ ಕಟ್ಟಡಗಳು. ಎರಡರಲ್ಲಿಯೂ ಕೆಲಸ ಹಂಗಾಮಿಗೆ ತಕ್ಕಂತೆ ಏರಿಳಿಯುತ್ತದೆ. ಎರಡಕ್ಕೂ ವಿದ್ಯುತ್ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ. ಆದ್ದರಿಂದ ಅಂತಹ ಕೇಂದ್ರದ ಲೆಕ್ಕಾಚಾರವನ್ನು ಅರಿತರೆ ನಮಗೂ ಪ್ರಯೋಜನವುಂಟು.

ಇಂತಹ ಕೇಂದ್ರಗಳು ನಮಗೆ ದೂರದವೂ ಅಲ್ಲ. ನೆರೆಯ ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯ ವಿಜಯನಗರದಲ್ಲಿ ಜೆ.ಎಸ್.ಡಬ್ಲ್ಯೂ. ಸಮೂಹವು ಸ್ಥಾಪಿಸಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಲ್ಲಿ ಆರಂಭವಾಯಿತು. ಬೆಂಗಳೂರು ಎಫ್.ಸಿ. ಫುಟ್‌ಬಾಲ್ ತಂಡವೂ ಅಲ್ಲಿ ಋತುಪೂರ್ವ ತರಬೇತಿ ಪಡೆದಿದೆ. ಅಲ್ಲಿಯ ಬಿಸಿಲು ನಮ್ಮ ಬಿಸಿಲೇ.

ಮೊದಲು ಬಳಕೆ ಇಳಿಸಬೇಕು

ತರಬೇತಿ ಕೇಂದ್ರದಲ್ಲಿ ವಿದ್ಯುತ್ತು ಮುಖ್ಯವಾಗಿ ಒಳಾಂಗಣದ ತಂಪು, ದೀಪಗಳು, ಸ್ನಾನದ ಬಿಸಿನೀರು, ಮೈದಾನದ ಪಂಪುಗಳು ಹಾಗೂ ಅಡುಗೆಮನೆಗೆ ವೆಚ್ಚವಾಗುತ್ತದೆ. ಛಾವಣಿಯಿಂದಿಳಿಯುವ ಶಾಖವನ್ನು ತಡೆಯದೆ ದೊಡ್ಡ ಹವಾನಿಯಂತ್ರಕ ಕೂಡಿಸುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ. ಬಿಸಿಲನ್ನು ಹಿಂದಿರುಗಿಸುವ ಬಿಳಿ ಲೇಪನ, ಛಾವಣಿಯ ಕೆಳಗೆ ಶಾಖನಿರೋಧಕ ಹಾಸು, ಬಿಸಿಗಾಳಿ ಹೊರಹೋಗಲು ಮೇಲ್ಗಿಂಡಿ, ಉತ್ತರ ದಿಕ್ಕಿನ ಬೆಳಕು: ಇವು ನಕ್ಷೆಯ ಹಂತದಲ್ಲಿಯೇ ಸೇರಿದರೆ ವೆಚ್ಚ ಅಲ್ಪ, ಕಟ್ಟಿದ ಮೇಲೆ ಸೇರಿಸಹೊರಟರೆ ದುಬಾರಿ.

ಒಂದು ಸರಳ ಲೆಕ್ಕವನ್ನು ನೋಡೋಣ. 75 ವಾಟ್‌ನ 40 ಫ್ಯಾನ್‌ಗಳ ಬದಲಿಗೆ 30 ವಾಟ್‌ನ ಬಿ.ಎಲ್.ಡಿ.ಸಿ. ಫ್ಯಾನ್‌ಗಳನ್ನು ಹಾಕಿ, ದಿನಕ್ಕೆ 10 ತಾಸಿನಂತೆ ವರ್ಷಕ್ಕೆ 300 ದಿನ ಬಳಸಿದರೆ 5,400 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ ಉಳಿತಾಯ 43,200 ರೂಪಾಯಿ. ಪ್ರತಿ ಫ್ಯಾನ್‌ಗೆ 1,500 ರೂಪಾಯಿ ಹೆಚ್ಚು ತೆತ್ತಿರಿ ಎಂದು ಭಾವಿಸಿದರೂ ಆ 60,000 ರೂಪಾಯಿ ಸುಮಾರು 17 ತಿಂಗಳಲ್ಲಿ ಮರಳುತ್ತದೆ.

ಚಿನ್ನಸ್ವಾಮಿ ಕ್ರೀಡಾಂಗಣದ ಉದಾಹರಣೆ

ಬಳಕೆ ಇಳಿಸಿದ ನಂತರವೇ ಸೌರವಿದ್ಯುತ್ತಿನ ಮಾತು. ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದ ಛಾವಣಿಯ ಮೇಲೆ 2015ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು 400 ಕಿಲೋವಾಟ್ ಸಾಮರ್ಥ್ಯದ ಸೌರಫಲಕಗಳನ್ನು ಅಳವಡಿಸಿತು. ನಮ್ಮ ರಾಜ್ಯದ ಬಿಸಿಲಿಗೆ ಒಂದು ಕಿಲೋವಾಟ್ ವರ್ಷಕ್ಕೆ ಅಂದಾಜು 1,400 ಯೂನಿಟ್ ಕೊಡುತ್ತದೆ ಎಂದು ಹಿಡಿದರೆ ಇದು 5,60,000 ಯೂನಿಟ್ ಆಗುತ್ತದೆ.

ಆದರೆ ಅಂದಿನ ದರವನ್ನೂ ಗಮನಿಸಬೇಕು. ಸಹಾಯಧನವಿಲ್ಲದ ಛಾವಣಿ ಸೌರವಿದ್ಯುತ್ತಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರಲ್ಲಿ ಯೂನಿಟ್ಟಿಗೆ 9.56 ರೂಪಾಯಿ ನಿಗದಿಪಡಿಸಿತ್ತು. ನಂತರದ ಆದೇಶಗಳಲ್ಲಿ ಈ ದರ ಬಹಳ ಇಳಿಯಿತು. ಹೀಗಾಗಿ ಮಾರಿದ ಯೂನಿಟ್ಟಿಗಿಂತ ಸ್ವಂತಕ್ಕೆ ಬಳಸಿ ಉಳಿಸಿದ ಯೂನಿಟ್ಟೇ ಇಂದು ಹೆಚ್ಚು ಬೆಲೆಯುಳ್ಳದ್ದು. ಛಾವಣಿಯ ಅಳತೆಗಲ್ಲ, ಹಗಲಿನ ಬಳಕೆಯ ಅಳತೆಗೆ ಸೌರಫಲಕ ಹಾಕುವುದು ವಿವೇಕ. ರಾತ್ರಿ ಉರಿಯುವ ಮೈದಾನದ ದೀಪಗಳಿಗೆ ಸೂರ್ಯನು ನೇರವಾಗಿ ನೆರವಾಗುವುದಿಲ್ಲ; ರಾತ್ರಿ ಪಾಳಿಯ ಗಿರಣಿಗೂ ಅಷ್ಟೇ. ಪಂಪು, ನೀರು ಕಾಯಿಸುವಿಕೆ ಮುಂತಾದ, ಸಮಯ ಬದಲಿಸಬಹುದಾದ ಕೆಲಸಗಳನ್ನು ಹಗಲಿಗೆ ತರಬೇಕು.

ಎಚ್.ಟಿ. ಗ್ರಾಹಕರು ಇನ್ನೊಂದನ್ನು ಮರೆಯಬಾರದು. ಎಲ್ಲ ಯಂತ್ರಗಳೂ ಏಕಕಾಲಕ್ಕೆ ನಡೆದು ಗರಿಷ್ಠ ಬೇಡಿಕೆ ಏರಿದರೆ ಡಿಮ್ಯಾಂಡ್ ಶುಲ್ಕವೂ ಏರುತ್ತದೆ. ಸೌರಫಲಕವಿದ್ದ ಮಾತ್ರಕ್ಕೆ ಅದು ತಪ್ಪದು.

ಲೆಕ್ಕಪುಸ್ತಕದಲ್ಲಿ

ಗುತ್ತಿಗೆದಾರರಿಂದ ಒಂದೇ ಮೊತ್ತದ ಬಿಲ್ಲು ಪಡೆಯದೆ ಕಟ್ಟಡ, ಯಂತ್ರೋಪಕರಣ ಮತ್ತು ಸೌರ ಸಾಧನಗಳಿಗೆ ಪ್ರತ್ಯೇಕ ಬಿಲ್ಲು ಪಡೆಯಿರಿ. 1961ರ ಆದಾಯ ತೆರಿಗೆ ಕಾಯ್ದೆಯ ನಿಯಮಗಳಲ್ಲಿ ಸವಕಳಿಯ ದರ ವ್ಯವಹಾರದ ಕಟ್ಟಡಕ್ಕೆ ಸಾಮಾನ್ಯವಾಗಿ ಶೇಕಡಾ 10, ಯಂತ್ರಗಳಿಗೆ ಶೇಕಡಾ 15, ಸೌರ ಸಾಧನಗಳಿಗೆ ಶೇಕಡಾ 40. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಆಸ್ತಿಗೆ ಆ ವರ್ಷ ಇದರ ಅರ್ಧ ಮಾತ್ರ. 2025ರ ಹೊಸ ಕಾಯ್ದೆಯು 2026ರ ಏಪ್ರಿಲ್ 1ರಿಂದ ಅನ್ವಯಿಸುವುದರಿಂದ, ಆ ನಂತರದ ವರ್ಷಗಳಿಗೆ ಅದರ ನಿಯಮಗಳನ್ನು ನೋಡಿಕೊಳ್ಳಬೇಕು.

ಜಿ.ಎಸ್.ಟಿ.ಯಲ್ಲಿಯೂ ಈ ವಿಂಗಡಣೆ ಮುಖ್ಯ. ಸ್ವಂತ ಬಳಕೆಗೆ ಕಟ್ಟಿಸಿ ಆಸ್ತಿಯಾಗಿ ಲೆಕ್ಕಕ್ಕೆ ತಂದ ಕಟ್ಟಡದ ವೆಚ್ಚದ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ; ತೆರಿಗೆಗೊಳಪಟ್ಟ ವ್ಯವಹಾರಕ್ಕೆ ಬಳಸುವ ಯಂತ್ರೋಪಕರಣ ಹಾಗೂ ಅವುಗಳ ಅಡಿಪಾಯಕ್ಕೆ ದೊರೆಯುತ್ತದೆ. ಸೌರ ಸಾಧನಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ.

ಹೊಸ ಶೆಡ್ಡು ಕಟ್ಟಿಸಲಿರುವ ಸದಸ್ಯರು ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಎಂಜಿನಿಯರರೊಡನೆ ಕುಳಿತುಕೊಳ್ಳುವುದು ಒಳಿತು. ಕಟ್ಟುವ ವೆಚ್ಚ ಒಮ್ಮೆ ಮಾತ್ರ. ಬಿಲ್ಲು ಕಟ್ಟಡದ ಆಯುಷ್ಯ ಮುಗಿಯುವತನಕ.