ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಸಿಪಿಯು ಡಬ್ಬಿ ಬಿಚ್ಚಿ ನೋಡಿ

ಹೋದ ತಿಂಗಳು ಊರಿಗೆ, ಅಂದ್ರೆ ಸಂಡೂರು ತಾಲ್ಲೂಕಿನ ಯಶವಂತನಗರಕ್ಕೆ ಹೋಗಿದ್ದೆ. ಚಿಕ್ಕಪ್ಪನ ಮಗ ಫೋನ್ ಮುಂದೆ ಹಿಡಿದ. "ಅಣ್ಣಾ, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಐತಿ, ರೇಟೂ ಭಾಳ ಕಮ್ಮಿ. ತಗೊಂಡ್ ಬಿಡ್ಲಾ?"

ನೋಡಿದರೆ ಜಿಟಿ 730. ಪಿಯುಸಿ ರಜೆಯಲ್ಲಿ ದುಡಿದ ದುಡ್ಡನ್ನೆಲ್ಲ ಸುರಿದು ನಾನು ತಂದಿದ್ದೂ ಇದನ್ನೇ. ಗೇಮ್ ಹಾಕಿದರೆ ಒಂದೊಂದೇ ಫೋಟೋ ತೋರಿಸಿದ ಹಾಗೆ ಕಾಣ್ತಿತ್ತು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, 4 ಜಿಬಿ ಇದ್ದದ್ದು ನಿಜ. ಉಳಿದದ್ದನ್ನು ಹೇಳಲಿಲ್ಲ, ಅಷ್ಟೇ.

ಜಿಬಿ ಅನ್ನೋದು ಗೋಡೌನ್ ಇದ್ದಂತೆ. ಗೋಡೌನ್ ಎಷ್ಟೇ ದೊಡ್ಡದಿರಲಿ, ಮಾಲು ಸಾಗಿಸೋ ರಸ್ತೆ ಕಿರಿದಾಗಿದ್ದರೆ ಏನು ಬಂತು? 2014ರ ಜಿಟಿ 730ರ ಡಿಡಿಆರ್3 ಮೆಮೊರಿಯಲ್ಲಿ ಸೆಕೆಂಡಿಗೆ 30 ಜಿಬಿಯಷ್ಟು ದತ್ತಾಂಶವೂ ಓಡಲ್ಲ. 2019ರ ಜಿಟಿಎಕ್ಸ್ 1650ರಲ್ಲಿ 128 ಜಿಬಿ ಓಡುತ್ತೆ. ಎರಡರ ಡಬ್ಬದ ಮೇಲೂ "4 ಜಿಬಿ" ಅಂತಲೇ ಇರುತ್ತೆ.

ಹೆಸರನ್ನಾದರೂ ನಂಬಬಹುದಾ ಅಂದ್ರೆ ಅದೂ ಆಗಲ್ಲ. 2022ರ ಜನವರಿಯಲ್ಲಿ ಎನ್ವಿಡಿಯಾ ಆರ್‌ಟಿಎಕ್ಸ್ 3050 ಬಿಟ್ಟಾಗ ಅದರಲ್ಲಿ 8 ಜಿಬಿ ಮೆಮೊರಿ, 2560 ಕೋರ್ ಇದ್ದವು. 2024ರ ಫೆಬ್ರವರಿಯಲ್ಲಿ ಅದೇ ಹೆಸರಲ್ಲಿ ಇನ್ನೊಂದು ಬಂತು. ಅದರಲ್ಲಿ 6 ಜಿಬಿ, 2304 ಕೋರ್. ಮೆಮೊರಿಯ ದಾರಿಯೂ 128 ಬಿಟ್‌ನಿಂದ 96 ಬಿಟ್‌ಗೆ ಇಳಿದಿದೆ. ಡಬ್ಬ ನೋಡಿದವರಿಗೆ ಬರೀ 2 ಜಿಬಿ ಕಮ್ಮಿ ಅನ್ನಿಸುತ್ತೆ. ಆರ್‌ಟಿಎಕ್ಸ್ 3060ಯ 12 ಜಿಬಿ ಮತ್ತು 8 ಜಿಬಿ ಆವೃತ್ತಿಗಳ ಕತೆಯೂ ಇದೇ. ಲಕ್ಷ ರೂಪಾಯಿಯ ಕಾರ್ಡ್ ಕೊಳ್ಳೋರು ತಪ್ಪಿದರೆ ಬದಲಾಯಿಸಿಕೊಳ್ತಾರೆ. ಒಂದೇ ಸಲ ಕೊಳ್ಳುವ ಶಕ್ತಿ ಇರೋರಿಗೇ ಇಂಥ ಗೊಂದಲ ಹೆಚ್ಚು ಕಾಡೋದು. ಇದು ಬರೀ ಟೆಕ್ನಾಲಜಿ ವಿಷಯ ಅಲ್ಲ, ಗ್ರಾಹಕರ ಹಕ್ಕಿನ ವಿಷಯ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನಿಮ್ಮ ಎಸ್‌ಎಂಪಿಎಸ್‌ನಿಂದ. ತಮ್ಮನ ಸಿಪಿಯು ಡಬ್ಬಿ ಬಿಚ್ಚಿಸಿದೆ. ಅದು ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ. ಲೇಬಲ್ ಮೇಲೆ 240 ವ್ಯಾಟ್ ಅಂತಿತ್ತು, ಕಾರ್ಡಿಗೆ ಕೊಡೋ ಬೇರೆ ಕೇಬಲ್ಲೇ ಇಲ್ಲ. ಇಂಥದ್ದರಲ್ಲಿ ಮದರ್‌ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ನಡೆಯುವ ಕಾರ್ಡ್ ಬೇಕು. ಕೇಬಲ್ ಬೇಡದ ಜಿಟಿಎಕ್ಸ್ 1650 ಮಾಡೆಲ್‌ಗಳು, ಇಲ್ಲವೇ 70 ವ್ಯಾಟ್‌ನ 6 ಜಿಬಿ 3050.

450 ವ್ಯಾಟ್‌ನ ಒಳ್ಳೆ ಎಸ್‌ಎಂಪಿಎಸ್ ಇದ್ದರೆ ಎಎಂಡಿಯ ಆರ್‌ಎಕ್ಸ್ 6600 ನೋಡಿ. 8 ಜಿಬಿ, 132 ವ್ಯಾಟ್. 1080ಪಿ ಪರದೆಗೆ ಧಾರಾಳ ಸಾಕು. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗವಾಗಿ ಸಿಕ್ಕಿದರೂ ಯೋಚಿಸಿ. ಹಳೇ ಮದರ್‌ಬೋರ್ಡಿನಲ್ಲಿ ಅದರ ವೇಗ ಇನ್ನೂ ಕುಗ್ಗುತ್ತೆ, ವಿಡಿಯೋ ರೆಕಾರ್ಡಿಂಗಿಗೆ ಬೇಕಾದ ಎನ್‌ಕೋಡರೂ ಅದರಲ್ಲಿಲ್ಲ. ಇಂಟೆಲ್ ಆರ್ಕ್ ಬಿ580ಯಲ್ಲಿ 12 ಜಿಬಿ ಇದೆ, ಆದರೆ ರೀಸೈಜಬಲ್ ಬಾರ್ ಸೌಲಭ್ಯ ಇರೋ ಹೊಸ ಪಿಸಿಗೆ ಮಾತ್ರ ಅದು ಸರಿ. ಬರೀ ವ್ಯಾಲರೆಂಟ್‌ನಂಥ ಗೇಮ್ ಆಡೋರು ಹೊಸ ಪಿಸಿ ಕಟ್ಟಿಸುವುದಾದರೆ, ರೈಜೆನ್ 5600ಜಿಯಂಥ ಪ್ರೊಸೆಸರ್‌ನಲ್ಲಿ ಕಾರ್ಡೇ ಬೇಡ.

ಇನ್ನು ಸೆಕೆಂಡ್ ಹ್ಯಾಂಡ್. ನಮ್ಮೂರ ಕಡೆ ಮೈನಿಂಗ್ ಅಂದ್ರೆ ಕಬ್ಬಿಣದ ಅದಿರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಮನೆ ಮನೆ ಮುಂದೆ ಲಾರಿಗಳು ನಿಂತವು. ಹಳೇ ಲಾರಿ ಕೊಳ್ಳೋರು ಮೊದಲು ಕೇಳ್ತಿದ್ದದ್ದು, "ಅದಿರು ಹೊಡೆದ ಗಾಡೀನಾ?" ಅಂತ. ಗ್ರಾಫಿಕ್ಸ್ ಕಾರ್ಡಿಗೂ ಅದೇ ಪ್ರಶ್ನೆ ಕೇಳಬೇಕು. ಇಥೀರಿಯಂ ಕ್ರಿಪ್ಟೊ ಮೈನಿಂಗ್‌ಗಾಗಿ ಲಕ್ಷಾಂತರ ಕಾರ್ಡ್‌ಗಳು ಹಗಲೂ ರಾತ್ರಿ ದುಡಿದವು. 2022ರ ಸೆಪ್ಟೆಂಬರ್ 15ರಂದು ಆ ವ್ಯವಸ್ಥೆಯೇ ಬದಲಾಗಿ ಕಾರ್ಡ್‌ಗಳ ಅಗತ್ಯ ಮುಗಿಯಿತು. ಅವೆಲ್ಲ ಮಾರುಕಟ್ಟೆಗೆ ಬಂದವು. ದುಡಿದದ್ದೆಲ್ಲ ಕೆಟ್ಟಿರುತ್ತೆ ಅಂತಲ್ಲ, ಆದರೆ ಫ್ಯಾನ್, ಥರ್ಮಲ್ ಪ್ಯಾಡ್ ಸವೆದಿರುತ್ತವೆ. ಬಿಲ್ಲು, ಉಳಿದ ವಾರಂಟಿ ಕೇಳಿ. ಕಣ್ಣೆದುರೇ ಅರ್ಧ ಗಂಟೆ ಗೇಮ್ ಓಡಿಸಿ, ಬಿಸಿ ಎಷ್ಟಕ್ಕೇರುತ್ತೆ ನೋಡಿ. ಒಪ್ಪದಿದ್ದರೆ ಎದ್ದು ಬನ್ನಿ.

ನಮ್ಮಂಥ ಕೆಂಪು ಧೂಳಿನ ಊರಲ್ಲಿ ಇನ್ನೊಂದು ಖರ್ಚಿದೆ. ಧೂಳು ಹೀಟ್‌ಸಿಂಕಿನ ಸಂದಿಯಲ್ಲಿ ಕೂತರೆ ಕಾರ್ಡ್ ಬಿಸಿಯಾಗಿ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತೆ. ಸಿಪಿಯು ನೆಲದ ಮೇಲಿಡಬೇಡಿ, ತಿಂಗಳಿಗೊಮ್ಮೆ ಬ್ರಷ್ ಹಿಡಿಯಿರಿ.

"ಆಟಕ್ಕೆ ಇಷ್ಟು ದುಡ್ಡಾ?" ಅಂತ ಮನೆಯಲ್ಲಿ ಬೈತಾರೆ. ಇದೇ ಕಾರ್ಡಿನಲ್ಲಿ ಬ್ಲೆಂಡರ್ ಕಲಿಯಬಹುದು, ವಿಡಿಯೋ ಎಡಿಟ್ ಮಾಡಿ ದುಡಿಯಬಹುದು. ಸರ್ಕಾರ ಮಾತ್ರ ಕೂಲಿ ದುಡ್ಡಲ್ಲಿ ಕೊಂಡರೂ, ಕೋಟಿ ಇದ್ದವರು ಕೊಂಡರೂ ಒಂದೇ 18% ಜಿಎಸ್‌ಟಿ ಹಾಕುತ್ತೆ.

ಕೊನೆಗೆ ತಮ್ಮ ಆರಿಸಿದ್ದು 6 ಜಿಬಿಯ ಆ 3050ಯನ್ನೇ. ಅದರಲ್ಲಿ ಏನೇನು ಕಡಿತವಾಗಿದೆ ಅಂತ ಗೊತ್ತಿದ್ದೇ ಆರಿಸಿದ. ಅವತ್ತು ನನಗೆ ಯಾರೂ ಹೇಳದೇ ಇದ್ದದ್ದು ಇಷ್ಟೇ.