ಬೀಳದ ಪಾಯಿಂಟ್‌ಗಳ ಲೆಕ್ಕ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಬಿದ್ದ ಪ್ರತಿ ಪಾಯಿಂಟ್‌ಗೂ ಒಬ್ಬ ವಾರಸುದಾರ ಇರುತ್ತಾನೆ. ಚೆಂಡು ರಿಂಗ್‌ನೊಳಗೆ ಇಳಿದ ಕೂಡಲೇ ಸ್ಕೋರರ್ ಪಟ್ಟಿಯಲ್ಲಿ ಒಂದು ಹೆಸರಿನ ಎದುರು ಎರಡೋ ಮೂರೋ ಸೇರುತ್ತದೆ. ಅದಕ್ಕೆ ದಾರಿ ಮಾಡಿದ ಪಾಸ್ ಕೊಟ್ಟವನ ಖಾತೆಗೆ ಅಸಿಸ್ಟ್ ಹೋಗುತ್ತದೆ. ಎದುರಾಳಿ ಗಳಿಸಬಹುದಾಗಿದ್ದೂ ಗಳಿಸದೇ ಹೋದ ಪಾಯಿಂಟ್‌ಗಳಿಗೆ ಇಂಥ ವಾರಸುದಾರರಿಲ್ಲ. ಕವರ್ಸ್‌ನಲ್ಲಿ ಚುರುಕಿನ ಫೀಲ್ಡರ್ ನಿಂತಿದ್ದಾನೆಂದು ಬ್ಯಾಟರ್‌ಗಳು ಓಡದೆ ಬಿಟ್ಟ ಸಿಂಗಲ್‌ಗಳು ಕ್ರಿಕೆಟ್ ಸ್ಕೋರ್‌ಕಾರ್ಡ್‌ನ ಯಾವ ಕಾಲಮ್ಮಿನಲ್ಲೂ ಕಾಣುವುದಿಲ್ಲವಲ್ಲ, ಹಾಗೆ. ಒಬ್ಬ ಆಟಗಾರನ ದಾಳಿಯನ್ನೂ ರಕ್ಷಣೆಯನ್ನೂ ಒಟ್ಟಿಗೆ ತೂಗಿ ನೋಡಲು ಹೊರಟವರಿಗೆ ಮೊದಲ ತೊಡಕು ಇಲ್ಲೇ ಎದುರಾಗುತ್ತದೆ. ಒಂದು ಎಣಿಸಿದರೆ ಸಿಗುವ ಸಂಖ್ಯೆ, ಇನ್ನೊಂದು ಲೆಕ್ಕ ಹಾಕಿ ಅಂದಾಜಿಸಬೇಕಾದದ್ದು.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಬಹುಕಾಲ ಈ ತೊಡಕಿನ ಗೋಜಿಗೇ ಹೋಗಿರಲಿಲ್ಲ. ಬಾಸ್ಟನ್ ಸೆಲ್ಟಿಕ್ಸ್ ಪರ ಬಿಲ್ ರಸೆಲ್ 1956ರಿಂದ 1969ರವರೆಗೆ ಆಡಿದ 13 ಸೀಸನ್‌ಗಳಲ್ಲಿ ತಂಡ 11 ಸಲ ಚಾಂಪಿಯನ್ ಆಯಿತು. ಅವರ ಸರಾಸರಿ ಪಂದ್ಯಕ್ಕೆ 15.1 ಪಾಯಿಂಟ್, 22.5 ರಿಬೌಂಡ್ (ಬೀಳದ ಶಾಟ್‌ನ ಚೆಂಡನ್ನು ಹಿಡಿದದ್ದು). ಅವರ ಎದುರಾಳಿ ವಿಲ್ಟ್ ಚೇಂಬರ್ಲೇನ್ ಅವರ ಸರಾಸರಿ 30.1 ಪಾಯಿಂಟ್. ಪಾಯಿಂಟ್ ಪಟ್ಟಿಯನ್ನಷ್ಟೇ ಓದಿದವರಿಗೆ ಸೆಲ್ಟಿಕ್ಸ್ ಗೆಲುವಿನ ಗುಟ್ಟು ತಿಳಿಯುವುದಿಲ್ಲ. ಎದುರಾಳಿಯ ಶಾಟ್ ತಡೆಯುವುದರಲ್ಲಿ ರಸೆಲ್ ಹೆಸರಾದವರು. ಆದರೆ ಎನ್‌ಬಿಎ ಬ್ಲಾಕ್ (ಇಂಥ ತಡೆ) ಮತ್ತು ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಇವೆರಡನ್ನು ಎಣಿಸತೊಡಗಿದ್ದೇ 1973–74ರಲ್ಲಿ, ಅವರು ನಿವೃತ್ತರಾಗಿ ನಾಲ್ಕು ವರ್ಷ ಕಳೆದ ಮೇಲೆ. ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಶುರುವಾಗಲು ಇನ್ನೂ ಒಂದು ದಶಕ ಬೇಕಾಯಿತು.

ಎಣಿಕೆ ಶುರುವಾದ ಮೇಲೂ ಸಮಸ್ಯೆ ಪೂರ್ತಿ ಬಗೆಹರಿಯಲಿಲ್ಲ. ಸ್ಟೀಲ್‌ಗೆ ಕೈ ಹಾಕಿದವನು ಗೆದ್ದರೆ ಪುಸ್ತಕದಲ್ಲಿ ಒಂದು ಸ್ಟೀಲ್ ಬರೆದುಕೊಳ್ಳುತ್ತಾರೆ. ಗುರಿ ತಪ್ಪಿದರೆ ಅವನು ಹಿಂದುಳಿಯುತ್ತಾನೆ, ಎದುರಾಳಿಗಳು ಐವರು ಉಳಿದ ನಾಲ್ವರ ಮೇಲೆ ನುಗ್ಗುತ್ತಾರೆ, ಪಾಯಿಂಟ್ ಬೀಳುತ್ತದೆ; ಆ ಸೋಲು ಎಲ್ಲೂ ದಾಖಲಾಗುವುದಿಲ್ಲ. ಬ್ಲಾಕ್‌ನ ಕಥೆಯೂ ಇಷ್ಟೇ. ಚೆಂಡನ್ನು ಪ್ರೇಕ್ಷಕರ ನಡುವೆ ಬಡಿದಟ್ಟಿದರೆ ಚಪ್ಪಾಳೆ ಬರುತ್ತದೆ, ಆದರೆ ಚೆಂಡು ಮತ್ತೆ ಎದುರಾಳಿಗೇ ಸೇರುತ್ತದೆ. ಅದನ್ನು ಜೊತೆಗಾರನತ್ತ ತಟ್ಟುವುದು ನಿಜವಾದ ಲಾಭ. ಪುಸ್ತಕದಲ್ಲಿ ಎರಡೂ ಒಂದೊಂದು ಬ್ಲಾಕ್.

ದಾಳಿಯ ಅಳತೆ ಇದಕ್ಕಿಂತ ಸುಲಭ. ಅಲ್ಲಿ ಮುಖ್ಯವಾದ ಹೆಜ್ಜೆ ಎಂದರೆ ಪಂದ್ಯಕ್ಕೆ ಎಷ್ಟು ಪಾಯಿಂಟ್ ಎಂದು ಕೇಳುವುದನ್ನು ಬಿಟ್ಟು, ಸಿಕ್ಕ ಅವಕಾಶಕ್ಕೆ ಎಷ್ಟು ಪಾಯಿಂಟ್ ಎಂದು ಕೇಳುವುದು. ಒಂದು ತಂಡದ ಕೈಗೆ ಚೆಂಡು ಬಂದು, ಅದು ಎದುರಾಳಿಗೆ ಹೋಗುವವರೆಗಿನ ಅವಧಿಯನ್ನು ಪೊಸೆಷನ್ ಎನ್ನುತ್ತಾರೆ. ಇಂದಿನ ಎನ್‌ಬಿಎ ಪಂದ್ಯದಲ್ಲಿ ಪ್ರತಿ ತಂಡಕ್ಕೂ ಹೆಚ್ಚುಕಡಿಮೆ 100 ಪೊಸೆಷನ್ ಸಿಗುತ್ತವೆ. ಆದ್ದರಿಂದ 100 ಪೊಸೆಷನ್‌ಗೆ ಇಷ್ಟು ಪಾಯಿಂಟ್ ಎಂಬ ಅಳತೆಯೇ ಈ ಶಾಸ್ತ್ರದ ರೂಢಿಯ ಮಾನ. ಡೀನ್ ಆಲಿವರ್ 2004ರಲ್ಲಿ ಪ್ರಕಟಿಸಿದ ‘ಬ್ಯಾಸ್ಕೆಟ್‌ಬಾಲ್ ಆನ್ ಪೇಪರ್’ ಪುಸ್ತಕ ಈ ಲೆಕ್ಕವನ್ನು ಜನಪ್ರಿಯಗೊಳಿಸಿತು.

ಒಬ್ಬ ಆಟಗಾರ ಶಾಟ್‌ಗಳನ್ನು ಎಷ್ಟು ಸದುಪಯೋಗ ಮಾಡಿಕೊಂಡ ಎಂಬುದಕ್ಕೆ ‘ಟ್ರೂ ಶೂಟಿಂಗ್’ ಎಂಬ ಸೂತ್ರವಿದೆ. ಹೊಡೆದ ಶಾಟ್‌ಗಳಿಗೆ ಫ್ರೀ ಥ್ರೋಗಳ 0.44 ಪಾಲನ್ನು ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿ, ಅದರಿಂದ ಪಾಯಿಂಟ್‌ಗಳನ್ನು ಭಾಗಿಸಬೇಕು. ಫ್ರೀ ಥ್ರೋ ಸಾಮಾನ್ಯವಾಗಿ ಜೋಡಿಯಾಗಿ ಬರುತ್ತದೆಯಾದರೂ, ಬುಟ್ಟಿಗೆ ಬಿದ್ದ ಶಾಟ್‌ನ ಜೊತೆ ಸಿಗುವ ಒಂಟಿ ಎಸೆತಗಳೂ ಇರುವುದರಿಂದ ಅರ್ಧದ ಬದಲು 0.44. ಫಿಲಡೆಲ್ಫಿಯಾದ ಅಲೆನ್ ಐವರ್ಸನ್ 2000–01ರಲ್ಲಿ ಪಂದ್ಯಕ್ಕೆ 25.5 ಶಾಟ್, 10.1 ಫ್ರೀ ಥ್ರೋ ಎಸೆದು 31.1 ಪಾಯಿಂಟ್ ಗಳಿಸಿದರು. ಲೆಕ್ಕ ಹಾಕಿದರೆ ಶೇ 52ರ ಆಸುಪಾಸು ಬರುತ್ತದೆ. ಆ ವರ್ಷ ಇಡೀ ಲೀಗ್‌ನ ಸರಾಸರಿಯೂ ಅಷ್ಟೇ. ಗೋಲ್ಡನ್ ಸ್ಟೇಟ್‌ನ ಸ್ಟೆಫನ್ ಕರಿ 2015–16ರಲ್ಲಿ 20.2 ಶಾಟ್, 5.1 ಫ್ರೀ ಥ್ರೋಗಳಿಂದ 30.1 ಪಾಯಿಂಟ್ ತಂದರು. ಆ ಸೀಸನ್‌ನಲ್ಲಿ ಅವರು ಹಾಕಿದ ಮೂರು ಪಾಯಿಂಟ್‌ನ ಶಾಟ್‌ಗಳೇ 402. ಅವರದು ಶೇ 67, ಲೀಗ್ ಸರಾಸರಿ ಶೇ 54. ಅಷ್ಟೇ ಅವಕಾಶಗಳನ್ನು ಲೀಗ್‌ನ ಸಾಧಾರಣ ಆಟಗಾರನ ಕೈಗೆ ಕೊಟ್ಟಿದ್ದರೆ ಬರುತ್ತಿದ್ದುದಕ್ಕಿಂತ ಕರಿ ಪಂದ್ಯಕ್ಕೆ 6ರ ಸಮೀಪ ಪಾಯಿಂಟ್ ಹೆಚ್ಚು ಗಳಿಸಿದರು, ಐವರ್ಸನ್ ಗಳಿಸಿದ ಹೆಚ್ಚುವರಿ ಸೊನ್ನೆಗೆ ಹತ್ತಿರ. ಇಬ್ಬರೂ ಆಯಾ ವರ್ಷದ ಅತಿ ಮೌಲ್ಯಯುತ ಆಟಗಾರರೆಂದು ಆಯ್ಕೆಯಾದವರೇ.

ಇಷ್ಟಕ್ಕೇ ಐವರ್ಸನ್ ಅವರನ್ನು ಸಾಧಾರಣ ಆಟಗಾರ ಎಂದುಬಿಡುವುದು ಅನ್ಯಾಯ. ಫಿಲಡೆಲ್ಫಿಯಾದಲ್ಲಿ ದಾಳಿಯ ಹೊರೆ ಹೊರಬಲ್ಲವರು ಬೇರೆ ಯಾರೂ ಇರಲಿಲ್ಲ ಎನ್ನಬಹುದು. ಕೆಟ್ಟ ಶಾಟ್‌ಗಳೆಲ್ಲ ಒಬ್ಬರ ಪಾಲಿಗೆ ಬಂದದ್ದರಿಂದಲೇ ಉಳಿದ ನಾಲ್ವರು ರಕ್ಷಣೆಗೆ ಮೈಬಗ್ಗಿಸಿ ದುಡಿಯಲು ಸಾಧ್ಯವಾಯಿತು. ಆ ವರ್ಷ ಸ್ಟೀಲ್‌ನಲ್ಲಿ ಲೀಗ್‌ಗೇ ಮೊದಲಿಗರು ಐವರ್ಸನ್, ಪಂದ್ಯಕ್ಕೆ 2.5. ಆದರೂ ರಕ್ಷಣಾ ಪ್ರಶಸ್ತಿ ಹೋದದ್ದು ಸೀಸನ್‌ನ ನಡುವೆ ಅದೇ ತಂಡ ಸೇರಿದ ಡಿಕೆಂಬೆ ಮುಟೊಂಬೊ ಅವರಿಗೆ. ತಂಡ 56 ಪಂದ್ಯ ಗೆದ್ದು ಫೈನಲ್ ತಲುಪಿತು. ಆ ಗೆಲುವುಗಳಲ್ಲಿ ಯಾರ ಪಾಲು ಎಷ್ಟು?

ಇದಕ್ಕೆ ಉತ್ತರ ಹುಡುಕುವ ಒಂದು ವಿಧಾನ ಎಲ್ಲ ಕಾಲಮ್ಮುಗಳನ್ನೂ ಪಕ್ಕಕ್ಕಿಟ್ಟು ಸ್ಕೋರ್‌ಬೋರ್ಡನ್ನು ಮಾತ್ರ ನೋಡುತ್ತದೆ. ಆಟಗಾರ ಕೋರ್ಟ್‌ನಲ್ಲಿದ್ದಾಗ ತಂಡ ಎಷ್ಟು ಗಳಿಸಿತು, ಎಷ್ಟು ಬಿಟ್ಟುಕೊಟ್ಟಿತು ಎಂಬ ವ್ಯತ್ಯಾಸವೇ ‘ಪ್ಲಸ್-ಮೈನಸ್’. ಅದರಲ್ಲಿ ಅಡಗಿದ ಮೋಸ ಯಾರಿಗಾದರೂ ಹೊಳೆಯುವಂಥದು. ಕರಿ ಜೊತೆ ಆಡುವ ಯಾರ ಪ್ಲಸ್-ಮೈನಸ್ ಆದರೂ ಚೆನ್ನಾಗಿಯೇ ಇರುತ್ತದೆ.

ಮೋಸ ತೆಗೆಯಲು ಬೀಜಗಣಿತ ಬೇಕು. ಎನ್‌ಬಿಎಯ ಒಂದು ಸೀಸನ್‌ನಲ್ಲಿ 1,230 ಪಂದ್ಯಗಳಿವೆ. ಅಂದರೆ ಸುಮಾರು 2.4 ಲಕ್ಷ ಪೊಸೆಷನ್. ಪ್ರತಿ ಪೊಸೆಷನ್‌ನಲ್ಲೂ ದಾಳಿ ಮಾಡುವ ಐವರು, ಕಾಯುವ ಐವರು, ಬಂದ ಪಾಯಿಂಟ್ ಇಷ್ಟು ಎಂದು ಒಂದೊಂದು ಸಮೀಕರಣ ಬರೆಯಬಹುದು. ಪ್ರತಿ ಆಟಗಾರನಿಗೂ ಎರಡು ಅಜ್ಞಾತ ಸಂಖ್ಯೆಗಳು: ಅವನಿರುವುದರಿಂದ ಸ್ವಂತ ತಂಡಕ್ಕೆ ಏರುವ ಪಾಯಿಂಟ್, ಅವನಿರುವುದರಿಂದ ಎದುರಾಳಿಗೆ ಇಳಿಯುವ ಪಾಯಿಂಟ್. ಐನೂರಕ್ಕೂ ಹೆಚ್ಚು ಆಟಗಾರರಿಗೆ ಸಾವಿರ ಮೀರಿದ ಅಜ್ಞಾತಗಳಾಗುತ್ತವೆ. ಎಲ್ಲ ಸಮೀಕರಣಗಳಿಗೂ ಒಟ್ಟಾರೆ ಹತ್ತಿರ ಬರುವ ಬೆಲೆಗಳನ್ನು ಹುಡುಕುವುದು ರಿಗ್ರೆಷನ್ ಎಂಬ ಸಂಖ್ಯಾಶಾಸ್ತ್ರದ ಹಳೆಯ ಕೆಲಸ. 2000ದ ಆಸುಪಾಸಿನಲ್ಲಿ ಗಣಿತಜ್ಞ ವೇನ್ ವಿನ್‌ಸ್ಟನ್ ಮತ್ತು ಜೆಫ್ ಸಗಾರಿನ್ ಡಲ್ಲಾಸ್ ತಂಡಕ್ಕಾಗಿ ಇಂಥ ಲೆಕ್ಕ ಮಾಡಿಕೊಟ್ಟರು. 2004ರಲ್ಲಿ ಅರ್ಥಶಾಸ್ತ್ರಜ್ಞ ಡ್ಯಾನ್ ರೋಸನ್‌ಬಾಮ್ ವಿಧಾನವನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದರು.

ಮೊದಮೊದಲ ಉತ್ತರಗಳು ಕೆಲವೊಮ್ಮೆ ನಗೆ ತರಿಸುವಂತಿದ್ದವು. ಇಬ್ಬರು ಸದಾ ಒಟ್ಟಿಗೇ ಆಡಿದರೆ ಯಾರಿಂದ ಲಾಭವಾಯಿತೆಂದು ಸಮೀಕರಣಕ್ಕೆ ಗೊತ್ತಾಗುವುದಿಲ್ಲ. ಅದು ಒಬ್ಬನನ್ನು ಆಕಾಶಕ್ಕೇರಿಸಿ ಇನ್ನೊಬ್ಬನನ್ನು ಪಾತಾಳಕ್ಕೆ ತಳ್ಳಿ ಮೊತ್ತ ಸರಿಹೊಂದಿಸುತ್ತದೆ. ಬೆಂಚಿನಿಂದೆದ್ದು ನಾಲ್ಕು ನಿಮಿಷ ಆಡಿದವನು ಆ ಹೊತ್ತಿಗೆ ತಂಡದ ಅದೃಷ್ಟ ಖುಲಾಯಿಸಿದರೆ ಸೂಪರ್‌ಸ್ಟಾರ್ ಆಗಿಬಿಡುತ್ತಾನೆ. 2010ರಲ್ಲಿ ಜೋ ಸಿಲ್ ಇದಕ್ಕೆ ರಿಜ್ ರಿಗ್ರೆಷನ್ ಎಂಬ ಕಡಿವಾಣ ಹಾಕಿದರು. ಎಲ್ಲರನ್ನೂ ಮೊದಲು ಸೊನ್ನೆ, ಅಂದರೆ ಸರಾಸರಿ ಆಟಗಾರ ಎಂದೇ ಭಾವಿಸಬೇಕು. ಸಾಕ್ಷ್ಯ ಬಲವಾಗಿದ್ದಷ್ಟು ಮಾತ್ರ ಸೊನ್ನೆಯಿಂದ ದೂರ ಹೋಗಲು ಬಿಡಬೇಕು. ಇಂದು ಬಳಕೆಯಲ್ಲಿರುವ ಬಹುತೇಕ ಅಳತೆಗಳ ಬೆನ್ನೆಲುಬು ಇದೇ ಉಪಾಯ.

ಕಡಿವಾಣವಿದ್ದರೂ ರಕ್ಷಣೆಯ ಅಂಕಿ ದಾಳಿಯ ಅಂಕಿಯಷ್ಟು ಗಟ್ಟಿಯಲ್ಲ. ಮುಖ್ಯ ಕಾರಣ ಮೂರು ಪಾಯಿಂಟ್‌ನ ಶಾಟ್. ಎದುರಾಳಿ ಅಂಥ ಶಾಟ್ ಎಷ್ಟು ಎಸೆಯಬೇಕು, ಎಷ್ಟು ಬಿಡುವಾಗಿ ಎಸೆಯಬೇಕು ಎಂಬುದು ಒಂದು ಮಟ್ಟಿಗೆ ರಕ್ಷಕರ ಕೈಯಲ್ಲಿದೆ. ಕೈಯಿಂದ ಬಿಟ್ಟ ಮೇಲೆ ಅದು ಬೀಳುವುದು ಬಿಡುವುದು ಹೆಚ್ಚಾಗಿ ಎಸೆದವನ ಕೌಶಲ ಮತ್ತು ಅದೃಷ್ಟ. ಈಗ ಒಂದು ತಂಡ ಪಂದ್ಯಕ್ಕೆ ಸರಾಸರಿ 35ಕ್ಕೂ ಹೆಚ್ಚು ಇಂಥ ಶಾಟ್ ಎಸೆಯುತ್ತದೆ. ಒಬ್ಬ ರಕ್ಷಕ ಕೋರ್ಟ್‌ನಲ್ಲಿದ್ದಾಗ ಎದುರಾಳಿಗಳಿಗೆ ಅದೃಷ್ಟ ಕೈಕೊಟ್ಟು, ಎಸೆದ ಪ್ರತಿ ನೂರರಲ್ಲಿ ಐದು ಕಡಿಮೆ ಬಿದ್ದವೆನ್ನಿ. 100 ಪೊಸೆಷನ್‌ಗೆ 5 ಪಾಯಿಂಟ್ ಇಳಿದುಬಿಡುತ್ತದೆ. ಏನೂ ಮಾಡದವನೂ ಇದರಿಂದ ಲೀಗ್‌ನ ಶ್ರೇಷ್ಠ ರಕ್ಷಕರ ಸಾಲಿಗೆ ಏರಬಹುದು. ಎದುರಾಳಿಯ ಫ್ರೀ ಥ್ರೋಗಳದ್ದಂತೂ ಇನ್ನೂ ಸ್ಪಷ್ಟ ಉದಾಹರಣೆ, ಅಲ್ಲಿ ರಕ್ಷಕ ಸುಮ್ಮನೆ ನಿಂತಿರುತ್ತಾನೆ. ಹೀಗಾಗಿ ಜಾಣ ಲೆಕ್ಕಿಗರು ನಿಜವಾಗಿ ಬಿದ್ದ ಶಾಟ್‌ಗಳ ಬದಲು, ಆ ಎಸೆತಗಾರರ ಸರಾಸರಿಯಂತೆ ಬೀಳಬೇಕಾಗಿದ್ದ ಪಾಯಿಂಟ್‌ಗಳನ್ನು ಸಮೀಕರಣಕ್ಕೆ ಹಾಕುತ್ತಾರೆ.

ಪೊಸೆಷನ್‌ವಾರು ದಾಖಲೆ ಸಿಗದ ಹಳೆಯ ಕಾಲಕ್ಕೆ ಡೇನಿಯಲ್ ಮೈಯರ್ಸ್ ರೂಪಿಸಿದ ‘ಬಾಕ್ಸ್ ಪ್ಲಸ್-ಮೈನಸ್’ ಇದೆ. ಅದು ರಿಬೌಂಡ್, ಅಸಿಸ್ಟ್, ಸ್ಟೀಲ್‌ಗಳಿಂದ ಆಟಗಾರನ ಒಟ್ಟು ಬೆಲೆಯನ್ನೂ ದಾಳಿಯ ಬೆಲೆಯನ್ನೂ ಅಂದಾಜಿಸುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿದದ್ದಕ್ಕೆ ರಕ್ಷಣೆ ಎನ್ನುತ್ತದೆ. ಹಾಗೆ ಉಳಿಕೆಯಾಗಿ ಬಂದ ಅಂಕಿಯನ್ನು ಎಷ್ಟು ಅನುಮಾನದಿಂದ ನೋಡಿದರೂ ಕಡಿಮೆಯೇ. ಹ್ಯೂಸ್ಟನ್‌ನ ಶೇನ್ ಬ್ಯಾಟಿಯೆ ಅಂಥವರು ಈ ಜರಡಿಯಲ್ಲಿ ನಿಲ್ಲುವುದಿಲ್ಲ. ಲೇಖಕ ಮೈಕಲ್ ಲೂಯಿಸ್ 2009ರಲ್ಲಿ ಅವರ ಬಗ್ಗೆ ಬರೆದ ದೀರ್ಘ ಲೇಖನದಿಂದ ವಿಷಯ ಹೊರಗೆ ಬಂತು: ಕೋಬಿ ಬ್ರಯಂಟ್ ಶಾಟ್ ಎತ್ತುವಾಗ ಬ್ಯಾಟಿಯೆ ಚೆಂಡಿಗೆ ಕೈ ಹಾಕುತ್ತಿರಲಿಲ್ಲ, ಕಣ್ಣಿಗೆ ಅಡ್ಡವಾಗಿ ಕೈ ಹಿಡಿಯುತ್ತಿದ್ದರು, ಬ್ರಯಂಟ್ ಕಡಿಮೆ ಫಲ ಪಡೆಯುವ ಜಾಗಗಳತ್ತಲೇ ಅವರನ್ನು ದೂಡುತ್ತಿದ್ದರು. ಬ್ಲಾಕ್ ಇಲ್ಲ, ಸ್ಟೀಲ್ ಇಲ್ಲ.

2013–14ರಿಂದ ಎನ್‌ಬಿಎಯ ಎಲ್ಲ ಕ್ರೀಡಾಂಗಣಗಳ ಮಾಳಿಗೆಯಲ್ಲಿ ಕ್ಯಾಮೆರಾಗಳಿವೆ. ಆಗಿನ ವ್ಯವಸ್ಥೆ ಸೆಕೆಂಡಿಗೆ 25 ಸಲ ಹತ್ತೂ ಆಟಗಾರರ ಮತ್ತು ಚೆಂಡಿನ ಸ್ಥಾನ ಗುರುತಿಸುತ್ತಿತ್ತು. ಕರ್ಕ್ ಗೋಲ್ಡ್ಸ್‌ಬೆರಿ ಮತ್ತು ಎರಿಕ್ ವೈಸ್ 2013ರಲ್ಲೇ ಇಂಥ ಮಾಹಿತಿ ಬಳಸಿ, ಡ್ವೈಟ್ ಹೋವರ್ಡ್ ರಿಂಗ್ ಬಳಿ ಇದ್ದಾಗ ಎದುರಾಳಿಗಳು ಅಲ್ಲಿಗೆ ಬರುವುದನ್ನೇ ಕಡಿಮೆ ಮಾಡುತ್ತಾರೆಂದು ತೋರಿಸಿದರು. ಸೆಂಟರ್, ಅಂದರೆ ರಿಂಗ್ ಬಳಿ ಕಾಯುವ ಎತ್ತರದ ಆಟಗಾರ, ರೂಡಿ ಗೋಬೇರ್ ಆಡುವಾಗ ಇದನ್ನು ಬರಿಗಣ್ಣಿನಲ್ಲೇ ನೋಡಬಹುದು. ಎದುರಾಳಿ ಗಾರ್ಡ್ ಜೊತೆಗಾರನ ಮೈಯನ್ನು ಅಡ್ಡ ಮಾಡಿಕೊಂಡು ತನ್ನ ಕಾವಲಿನವನನ್ನು ಹಿಂದಿಕ್ಕುತ್ತಾನೆ. ರಿಂಗ್‌ಗೆ ಎರಡೇ ಹೆಜ್ಜೆ. ಮುಂದೆ 7 ಅಡಿ 1 ಇಂಚಿನ ಗೋಬೇರ್ ಕೈ ಎತ್ತಿ ಹಿಂದೆ ಹಿಂದೆ ಸರಿಯುತ್ತಿದ್ದಾರೆ. ಗಾರ್ಡ್ ತಡವರಿಸಿ ಹನ್ನೆರಡು ಅಡಿಯಿಂದಲೇ ಚೆಂಡನ್ನು ತೇಲಿಬಿಡುತ್ತಾನೆ; ಅದು ರಿಂಗ್‌ಗೆ ಬಡಿದು ಬೇರೆ ಯಾರದೋ ಕೈಗೆ ರಿಬೌಂಡ್ ಆಗುತ್ತದೆ. ಗೋಬೇರ್ ಹೆಸರು ಎಲ್ಲೂ ಇಲ್ಲ. ರಿಂಗ್ ಕೆಳಗಿನ ಶಾಟ್ ಮೂರರಲ್ಲಿ ಹೆಚ್ಚುಕಡಿಮೆ ಎರಡು ಸಲ ಬೀಳುತ್ತದೆ, ಬೆಲೆ 1.3 ಪಾಯಿಂಟ್. ಆ ದೂರದ ಶಾಟ್ ಐದರಲ್ಲಿ ಎರಡು ಸಲ ಬಿದ್ದರೆ ಬೆಲೆ 0.8. ಉಳಿದದ್ದು ಅರ್ಧ ಪಾಯಿಂಟ್. ಪಂದ್ಯಕ್ಕೆ ಎಂಟು ಸಲ ನಡೆದರೆ ನಾಲ್ಕು. ಈಗ ಮಾತ್ರ ಇದನ್ನು ಕರಿಯ ಆರರ ಪಕ್ಕ ಇಟ್ಟು ನೋಡಬಹುದು.

ಹೀಗೆ ತೂಗಿದಾಗ ಲೀಗ್‌ನ ಅತ್ಯುತ್ತಮ ದಾಳಿಗಾರರ ಅಂಕಿ ಅತ್ಯುತ್ತಮ ರಕ್ಷಕರ ಅಂಕಿಗಿಂತ ಸಾಮಾನ್ಯವಾಗಿ ದೊಡ್ಡದೇ. ಅದು ಅಳತೆಯ ದೋಷ ಮಾತ್ರವಲ್ಲ, ಆಟದ ಸ್ವಭಾವ. ದಾಳಿಯಲ್ಲಿ ಚೆಂಡು ಯಾರ ಕೈಗೆ ಹೋಗಬೇಕೆಂದು ಸ್ವಂತ ತಂಡವೇ ನಿರ್ಧರಿಸುತ್ತದೆ, ಆದ್ದರಿಂದ ಶ್ರೇಷ್ಠನನ್ನು ಮತ್ತೆ ಮತ್ತೆ ಬಳಸಬಹುದು. ರಕ್ಷಣೆಯಲ್ಲಿ ನಿರ್ಧಾರ ಎದುರಾಳಿಯದು. ಅವರು ಅಂಚಿನಲ್ಲಿ ಕಾಯುವ ಗಟ್ಟಿಗನನ್ನು ಬಿಟ್ಟು ದುರ್ಬಲನನ್ನೇ ಹುಡುಕಿ ಹೊಡೆಯುತ್ತಾರೆ. ಅವರು ಬದಿಗಿಟ್ಟು ಹೋಗಲಾಗದವನು ರಿಂಗ್ ಬಳಿಯ ಎತ್ತರದ ಆಟಗಾರ ಒಬ್ಬನೇ. ರಸೆಲ್, ಮುಟೊಂಬೊ, ಗೋಬೇರ್ ಮೂವರೂ ಸೆಂಟರ್‌ಗಳಾಗಿರುವುದು ಕಾಕತಾಳೀಯವಲ್ಲ.

ಅವನನ್ನೂ ಅಲ್ಲಿಂದ ಎಳೆಯುವ ದಾರಿ ಇದೆ. 2021ರಲ್ಲಿ ಗೋಬೇರ್ ಅವರ ಆಗಿನ ತಂಡ ಯೂಟಾ ಲೀಗ್‌ನಲ್ಲೇ ಅತಿ ಹೆಚ್ಚು ಪಂದ್ಯ ಗೆದ್ದಿತ್ತು, ರಕ್ಷಣಾ ಪ್ರಶಸ್ತಿಯೂ ಅವರದೇ. ಪ್ಲೇಆಫ್‌ನಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಎತ್ತರದ ಸೆಂಟರ್‌ನನ್ನು ಕೂರಿಸಿ, ದೂರದಿಂದ ಎಸೆಯಬಲ್ಲ ಐವರನ್ನು ಹೊರ ಅಂಚಿನಲ್ಲಿ ಹರಡಿತು. ಆರನೇ ಪಂದ್ಯದಲ್ಲಿ ಮೂಲೆಯಲ್ಲಿ ನಿಂತ ಟೆರೆನ್ಸ್ ಮ್ಯಾನ್ 39 ಪಾಯಿಂಟ್ ಬಾರಿಸಿದರು. 25 ಪಾಯಿಂಟ್ ಮುಂದಿದ್ದ ಯೂಟಾ 131–119ರಿಂದ ಸೋತು ಹೊರಬಿತ್ತು. ಹತ್ತಿರದ ರಕ್ಷಕನ ಹೆಸರಿಗೆ ಪಾಯಿಂಟ್ ಬರೆಯುವ ಲೆಕ್ಕದಲ್ಲಿ ಮ್ಯಾನ್ ಅವರ ಶಾಟ್‌ಗಳಲ್ಲಿ ಎಷ್ಟೋ ಗೋಬೇರ್ ತಲೆಗೆ ಬರುತ್ತವೆ. ನಡೆದದ್ದು ಬೇರೆ: ಯೂಟಾದ ಗಾರ್ಡ್‌ಗಳು ತಮ್ಮ ಎದುರಿನವರನ್ನು ಮತ್ತೆ ಮತ್ತೆ ಬಿಟ್ಟುಕೊಟ್ಟರು, ರಿಂಗ್ ಕಾಯಲು ಗೋಬೇರ್ ಒಳಗೆ ಓಡಿದಾಗಲೆಲ್ಲ ಮೂಲೆ ಖಾಲಿಯಾಯಿತು.

2022ರಲ್ಲಿ ಮಿನ್ನೆಸೋಟ ಹಲವು ಆಟಗಾರರನ್ನೂ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮೊದಲ ಸುತ್ತಿನ ನಾಲ್ಕು ಡ್ರಾಫ್ಟ್ ಹಕ್ಕುಗಳನ್ನೂ ಯೂಟಾಕ್ಕೆ ಕೊಟ್ಟು ಗೋಬೇರ್ ಅವರನ್ನು ಪಡೆದಾಗ ಬೆಲೆ ಅತಿಯಾಯಿತೆಂದು ನಕ್ಕವರೇ ಹೆಚ್ಚು. 2023–24ರಲ್ಲಿ ಆ ತಂಡದ ರಕ್ಷಣೆ ಲೀಗ್‌ನಲ್ಲೇ ಮೊದಲ ಸ್ಥಾನ ಪಡೆಯಿತು, ಗೋಬೇರ್ ನಾಲ್ಕನೇ ಸಲ ರಕ್ಷಣಾ ಪ್ರಶಸ್ತಿ ಗೆದ್ದರು. ಆದರೆ ಅಲ್ಲಿ ಅಂಚು ಕಾಯಲು ಜೇಡನ್ ಮೆಕ್‌ಡೇನಿಯಲ್ಸ್‌ರಂಥ ಒಳ್ಳೆಯ ರಕ್ಷಕರೂ ಇದ್ದರು. ಯಶಸ್ಸಿನಲ್ಲಿ ಯಾರ ಪಾಲು ಎಷ್ಟೆಂದು ಬಿಡಿಸಲು ಸಮೀಕರಣಕ್ಕೆ ಇರುವ ಮುಖ್ಯ ಆಧಾರ ಗೋಬೇರ್ ಬೆಂಚಿನಲ್ಲಿ ಕೂತು, ನಾಜ್ ರೀಡ್ ಅಥವಾ ಕಾರ್ಲ್-ಆಂಟನಿ ಟೌನ್ಸ್ ಸೆಂಟರ್ ಆಗಿ ಆಡಿದ ನಿಮಿಷಗಳು. ಪಂದ್ಯದ 48 ನಿಮಿಷಗಳಲ್ಲಿ ಅಂಥವು ಹದಿನಾಲ್ಕರ ಆಸುಪಾಸು.